ಒಂದೇ ಮನೆ, ಹಲವು ಒಲೆ: ಲಿನಕ್ಸ್‌ನಲ್ಲಿ ವರ್ಚುವಲ್ ಮಷಿನ್ ನಡೆದು ಬಂದ ದಾರಿ

ತಾಲ್ಲೂಕು ಕೇಂದ್ರಗಳ ಮುದ್ರಣಾಲಯಗಳಲ್ಲಿ ಸಾಮಾನ್ಯವಾಗಿ ಒಂದು ಹಳೇ ಕಂಪ್ಯೂಟರ್ ಇರುತ್ತದೆ. ಅದರೊಳಗೆ ವಿಂಡೋಸ್ ಎಕ್ಸ್‌ಪಿ, ಅದರ ಮೇಲೆ ಪೇಜ್‌ಮೇಕರ್, ಅದರೊಳಗೆ ನುಡಿಯೋ ಶ್ರೀಲಿಪಿಯೋ. ಇಪ್ಪತ್ತು ವರ್ಷದ ಜಾತ್ರೆ ಕರಪತ್ರ, ಸಹಕಾರ ಸಂಘದ ವಾರ್ಷಿಕ ವರದಿ, ನಿಂತುಹೋದ ವಾರಪತ್ರಿಕೆಯ ಪುಟ, ಊರಿನ ದೇವಸ್ಥಾನದ ಇತಿಹಾಸದ ಪುಸ್ತಕ ಎಲ್ಲವೂ ಅದರಲ್ಲೇ. ಆ ಪೆಟ್ಟಿಗೆ ಕೆಟ್ಟ ದಿನ ಇವೆಲ್ಲ ಹೋದಂತೆ. ಕಡತ ಪೆನ್‌ಡ್ರೈವ್‌ನಲ್ಲಿ ಉಳಿದಿದ್ದರೂ ಹೊಸ ಕಂಪ್ಯೂಟರ್‌ನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ.

ಈ ತೊಂದರೆಗೆ ಒಂದು ದಾರಿ ಇದೆ. ಹಳೇ ಕಂಪ್ಯೂಟರನ್ನು ಇಡಿಯಾಗಿ, ಅದರ ವಿಂಡೋಸ್ ಸಮೇತ, ಹೊಸ ಕಂಪ್ಯೂಟರ್‌ನೊಳಗೆ ಒಂದು ಕಿಟಕಿಯಲ್ಲಿ ಓಡಿಸುವುದು. ಹೊರಗಿನದು ಉಚಿತ ಲಿನಕ್ಸ್, ಒಳಗಿನದು ಹಳೇ ವಿಂಡೋಸ್. ಇದಕ್ಕೆ ವರ್ಚುವಲ್ ಮಷಿನ್ ಎನ್ನುತ್ತಾರೆ, ಚಿಕ್ಕದಾಗಿ ವಿಎಂ. ಇವತ್ತು ಲಿನಕ್ಸ್‌ನಲ್ಲಿ ಇದನ್ನು ನಾಲ್ಕು ಗುಂಡಿ ಒತ್ತಿ ಮಾಡಬಹುದು. ಆ ನಾಲ್ಕು ಗುಂಡಿಯ ಹಿಂದೆ ಅರವತ್ತು ವರ್ಷದ ಕಥೆಯಿದೆ. ಈ ಬರಹ ಆ ಕಥೆ.

ಯಂತ್ರ ಒಂದೇ, ಬಳಸುವವರು ಹಲವರು

1960ರ ದಶಕದಲ್ಲಿ ಕಂಪ್ಯೂಟರ್ ಎಂದರೆ ಒಂದು ಕೋಣೆ ತುಂಬುವ ಯಂತ್ರ. ಒಬ್ಬೊಬ್ಬರಿಗೆ ಒಂದೊಂದು ಎನ್ನುವ ಮಾತೇ ಇರಲಿಲ್ಲ. ರಂಧ್ರ ಹೊಡೆದ ಕಾರ್ಡುಗಳ ಕಟ್ಟನ್ನು ಆಪರೇಟರ್ ಕೈಗೆ ಕೊಟ್ಟು ಕಾಯಬೇಕಿತ್ತು. ನಮ್ಮೂರಿನ ಹಿಟ್ಟಿನ ಗಿರಣಿಯಲ್ಲಿ ಜೋಳದ ಡಬ್ಬಿ ಸಾಲಾಗಿಟ್ಟು ಕಾದಂತೆ. ಒಂದು ಅಕ್ಷರ ತಪ್ಪಿದ್ದರೆ ಮಾರನೇ ದಿನ ಮತ್ತೆ ಸಾಲು.

ಈ ಸಾಲನ್ನು ತಪ್ಪಿಸಲು ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ತಂಡ 1961ರಲ್ಲಿ ಒಂದು ಪ್ರಯೋಗ ತೋರಿಸಿತು. ಯಂತ್ರ ಒಬ್ಬರ ಕೆಲಸವನ್ನು ಕ್ಷಣ ಹೊತ್ತು ಮಾಡಿ, ನಿಲ್ಲಿಸಿ, ಇನ್ನೊಬ್ಬರದ್ದನ್ನು ಕ್ಷಣ ಹೊತ್ತು ಮಾಡುತ್ತದೆ. ಈ ಬದಲಾವಣೆ ಎಷ್ಟು ವೇಗವೆಂದರೆ ಪ್ರತಿಯೊಬ್ಬರಿಗೂ ಯಂತ್ರ ತನ್ನೊಬ್ಬನದೇ ಅನ್ನಿಸುತ್ತದೆ. ಇದಕ್ಕೆ ಟೈಮ್ ಶೇರಿಂಗ್ ಎಂದು ಹೆಸರು, ಅಂದರೆ ಹೊತ್ತಿನ ಹಂಚಿಕೆ.

ಆಗ ಕಂಪ್ಯೂಟರ್ ಲೋಕದ ದೊಡ್ಡ ಸಾಹುಕಾರ ಐಬಿಎಂ. ಆ ಕಂಪನಿ 1964ರ ಏಪ್ರಿಲ್‌ನಲ್ಲಿ ಸಿಸ್ಟಂ 360 ಎಂಬ ಹೊಸ ಸಾಲಿನ ಯಂತ್ರಗಳನ್ನು ಘೋಷಿಸಿತು. ಆದರೆ ಎಂಐಟಿ ತನ್ನ ಮುಂದಿನ ದೊಡ್ಡ ಯೋಜನೆಗೆ ಐಬಿಎಂ ಯಂತ್ರ ಬೇಡವೆಂದು ಜನರಲ್ ಎಲೆಕ್ಟ್ರಿಕ್ ಕಂಪನಿಯದನ್ನು ಆರಿಸಿಕೊಂಡಿತು. ಐಬಿಎಂಗೆ ಇದು ಮುಖಭಂಗ. ಎಂಐಟಿ ಇರುವ ಅದೇ ಕೇಂಬ್ರಿಜ್ ಪಟ್ಟಣದಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ, ಐಬಿಎಂನ ಒಂದು ಸಣ್ಣ ಸಂಶೋಧನಾ ಕೇಂದ್ರವಿತ್ತು. ಅಲ್ಲಿ ರಾಬರ್ಟ್ ಕ್ರೀಸಿ ಎಂಬವರ ಮುಂದಾಳತ್ವದಲ್ಲಿ ಕೆಲವೇ ಜನ ಬೇರೆ ದಾರಿ ಹಿಡಿದರು.

ಅವರ ಯೋಚನೆ ಸರಳವಾಗಿತ್ತು. ಒಂದೇ ದೊಡ್ಡ ವ್ಯವಸ್ಥೆ ಕಟ್ಟಿ ಅದರೊಳಗೆ ಎಲ್ಲರನ್ನೂ ಕೂರಿಸುವುದು ಕಷ್ಟ. ಅದರ ಬದಲು ಕೆಲಸವನ್ನು ಎರಡಾಗಿ ಸೀಳೋಣ. ಕೆಳಗಿನ ಪದರಕ್ಕೆ ಒಂದೇ ಕೆಲಸ: ನಿಜವಾದ ಯಂತ್ರವನ್ನು ಹಲವು ಸುಳ್ಳು ಯಂತ್ರಗಳಾಗಿ ತೋರಿಸುವುದು. ಪ್ರತಿ ಸುಳ್ಳು ಯಂತ್ರದೊಳಗೆ ಒಬ್ಬನೇ ಬಳಕೆದಾರನಿಗೆ ಸಾಕಾಗುವ ಪುಟ್ಟ ವ್ಯವಸ್ಥೆ. ಅವನ ಪ್ರೋಗ್ರಾಂ ಹಾಳಾದರೆ ಅವನ ಸುಳ್ಳು ಯಂತ್ರ ಮಾತ್ರ ನಿಲ್ಲುತ್ತದೆ, ಪಕ್ಕದವನಿಗೆ ಗೊತ್ತೂ ಆಗುವುದಿಲ್ಲ.

ಜಂಟಿ ಕುಟುಂಬದ ಮನೆಯನ್ನು ನೆನೆಸಿಕೊಳ್ಳಿ. ಮನೆ ಒಂದೇ, ಬಾವಿ ಒಂದೇ, ಕಣಜ ಒಂದೇ. ಅಣ್ಣತಮ್ಮಂದಿರು ಮಾತ್ರ ಒಲೆ ಬೇರೆ ಮಾಡಿಕೊಂಡಿದ್ದಾರೆ. ಒಬ್ಬರ ಒಲೆಯ ಮೇಲೆ ಸಾರು ಸೀದರೆ ಇನ್ನೊಬ್ಬರ ಊಟ ಕೆಡುವುದಿಲ್ಲ. ಕಣಜದ ಬೀಗದ ಕೈ ಮಾತ್ರ ಯಜಮಾನನ ಸೊಂಟದಲ್ಲಿ.

ಈ ವ್ಯವಸ್ಥೆಯ ಹೆಸರು ಸಿಪಿ-40. 1967ರ ಜನವರಿಯಲ್ಲಿ ನಿತ್ಯದ ಬಳಕೆಗೆ ಬಂತು. ಒಂದು ಯಂತ್ರದಲ್ಲಿ 14 ಸುಳ್ಳು ಯಂತ್ರ, ಪ್ರತಿಯೊಂದಕ್ಕೂ 256 ಕೆಬಿ ಮೆಮೊರಿ. ಇವತ್ತು ನಿಮ್ಮ ಫೋನ್‌ನಲ್ಲಿ ತೆಗೆಯುವ ಒಂದು ಫೋಟೊ ಅದರಲ್ಲಿ ಹಿಡಿಯುವುದಿಲ್ಲ. ಆದರೆ ಅವತ್ತಿಗೆ ಅದು ದೊಡ್ಡ ಮಾತು. ಬೇಗನೇ ಅದರ ಮುಂದಿನ ರೂಪ ಸಿಪಿ-67 ಬಂತು. ಅದೇ ಹೊತ್ತಿಗೆ ಐಬಿಎಂನ ಅಧಿಕೃತ ದೊಡ್ಡ ಯೋಜನೆ ಟಿಎಸ್‌ಎಸ್ ತಡವಾಗುತ್ತಾ, ತೊಂದರೆ ಕೊಡುತ್ತಾ ಕೊನೆಗೆ ಮೂಲೆ ಸೇರಿತು. ಮೂಲೆಯಲ್ಲಿ ಹುಟ್ಟಿದ ಸಣ್ಣ ಕೆಲಸ ಉಳಿಯಿತು. 1972ರ ಆಗಸ್ಟ್‌ನಲ್ಲಿ ಐಬಿಎಂ ಅದನ್ನು ವಿಎಂ/370 ಎಂಬ ಹೆಸರಿನಲ್ಲಿ ತನ್ನ ಅಧಿಕೃತ ಸರಕನ್ನಾಗಿ ಘೋಷಿಸಿತು. ಅದರ ವಂಶ ಜ಼ಡ್/ವಿಎಂ ಎಂಬ ಹೆಸರಿನಲ್ಲಿ ದೊಡ್ಡ ಯಂತ್ರಗಳಲ್ಲಿ ಇಂದಿಗೂ ನಡೆಯುತ್ತಿದೆ.

ಯಜಮಾನನ ಕಿವಿಗೆ ಬೀಳದ 17 ಮಾತು

1974ರಲ್ಲಿ ಜೆರಾಲ್ಡ್ ಪೊಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ ಎಂಬಿಬ್ಬರು ಒಂದು ಪ್ರಬಂಧ ಬರೆದರು. ಯಾವ ಕಂಪ್ಯೂಟರನ್ನು ಹೀಗೆ ಸುಳ್ಳು ಯಂತ್ರಗಳಾಗಿ ಒಡೆಯಬಹುದು, ಯಾವುದನ್ನು ಒಡೆಯಲಾಗದು ಎಂಬ ಲೆಕ್ಕ ಅದರಲ್ಲಿತ್ತು. ಅವರು ಮೂರು ಷರತ್ತು ಹೇಳಿದರು. ಒಳಗಿನ ಪ್ರೋಗ್ರಾಂ ನಿಜ ಯಂತ್ರದಲ್ಲಿ ಹೇಗೋ ಇಲ್ಲೂ ಹಾಗೆಯೇ ನಡೆಯಬೇಕು. ಬಹುಪಾಲು ಕೆಲಸ ನೇರವಾಗಿ ನಿಜ ಯಂತ್ರದ ಮೇಲೆ, ನಡುವೆ ಯಾರೂ ಕೈಹಾಕದೆ, ವೇಗವಾಗಿ ನಡೆಯಬೇಕು. ಯಂತ್ರದ ಆಸ್ತಿಯ ಮೇಲಿನ ಹಿಡಿತ ಪೂರ್ತಿ ಕೆಳಗಿನ ಪದರದ್ದೇ ಆಗಿರಬೇಕು.

ಮೂರನೆಯದೇ ಮುಖ್ಯ. ಒಲೆ ಬೇರೆ ಮಾಡಿಕೊಂಡ ತಮ್ಮ ಕಣಜದ ಬಾಗಿಲಿಗೆ ಕೈ ಹಾಕಿದ ತಕ್ಷಣ ಗಂಟೆ ಬಾರಿಸಬೇಕು, ಯಜಮಾನ ಬಂದು ನೋಡಬೇಕು. ಗಂಟೆ ಬಾರಿಸದೆ ಕೈ ಹಾಕಲು ಸಾಧ್ಯವಾದರೆ ಲೆಕ್ಕವೆಲ್ಲ ತಪ್ಪುತ್ತದೆ.

ಇದು ಪ್ರಬಂಧದಲ್ಲಿ ಉಳಿಯಿತು. ಲೋಕ ಬೇರೆ ಕಡೆ ಹೋಯಿತು. 1978ರಲ್ಲಿ ಇಂಟೆಲ್ ಕಂಪನಿ 8086 ಚಿಪ್ ತಂದಿತು. ಅದರ ಸಂತತಿಯೇ ಎಕ್ಸ್86, ನಮ್ಮ ಸೈಬರ್ ಕೆಫೆ, ಡಿಟಿಪಿ ಅಂಗಡಿ, ಗ್ರಾಮ ಪಂಚಾಯ್ತಿ ಮೇಜಿನ ಮೇಲೆ ಕಂಡ ಕಂಪ್ಯೂಟರ್‌ಗಳ ಚಿಪ್. ಯಂತ್ರ ಅಗ್ಗವಾಯಿತು, ಒಬ್ಬರಿಗೊಂದು ಸಿಕ್ಕಿತು. ಹಂಚಿಕೊಳ್ಳುವ ಅಗತ್ಯವೇ ಇಲ್ಲವೆಂದು ಎಲ್ಲರೂ ಅಂದುಕೊಂಡರು. ಹಾಗಾಗಿ ಎಕ್ಸ್86 ಕಟ್ಟುವಾಗ ಪೊಪೆಕ್ ಮತ್ತು ಗೋಲ್ಡ್‌ಬರ್ಗ್ ಹೇಳಿದ ಗಂಟೆಯನ್ನು ಎಲ್ಲ ಬಾಗಿಲಿಗೂ ಕಟ್ಟಲಿಲ್ಲ.

2000ದಲ್ಲಿ ಇಬ್ಬರು ಸಂಶೋಧಕರು ಪೆಂಟಿಯಂ ಚಿಪ್‌ನ ಆದೇಶಗಳನ್ನು ಒಂದೊಂದಾಗಿ ಪರೀಕ್ಷಿಸಿ ನೋಡಿದಾಗ, ಗಂಟೆ ಬಾರಿಸದ ಆದೇಶಗಳು 17 ಸಿಕ್ಕವು. ಕೆಲವು ಯಂತ್ರದ ನಿಜ ಸ್ಥಿತಿಯನ್ನು ಯಜಮಾನನಿಗೆ ತಿಳಿಯದಂತೆ ಓದಿಬಿಡುತ್ತವೆ. ಕೆಲವನ್ನು ಚಿಪ್ ಸುಮ್ಮನೆ ನುಂಗಿಬಿಡುತ್ತದೆ. ಕೇಳಿದವನಿಗೆ ಕೆಲಸ ಆಯಿತು ಅನ್ನಿಸುತ್ತದೆ, ನಿಜವಾಗಿ ಆಗಿರುವುದಿಲ್ಲ, ಯಜಮಾನನ ಕಿವಿಗೂ ಬಿದ್ದಿರುವುದಿಲ್ಲ. ಈ ಕಾರಣಕ್ಕೆ ಎಕ್ಸ್86 ಮೇಲೆ ನೇರವಾಗಿ ವಿಎಂ ಮಾಡಲು ಆಗದು ಎಂಬುದು ಬಹಳ ಕಾಲದ ನಂಬಿಕೆ.

ಬೀಗ ತೆಗೆದ ಮೂರು ದಾರಿ

ನಂಬಿಕೆಯನ್ನು ಮೊದಲು ದೊಡ್ಡದಾಗಿ ಮುರಿದವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು. ಪ್ರೊಫೆಸರ್ ಮೆಂಡೆಲ್ ರೋಸೆನ್‌ಬ್ಲಮ್ ಮತ್ತು ವಿದ್ಯಾರ್ಥಿಗಳಾದ ಎಡ್ವರ್ಡ್ ಬುನಿಯೊನ್, ಸ್ಕಾಟ್ ಡಿವೈನ್ 1997ರಲ್ಲಿ ಡಿಸ್ಕೊ ಎಂಬ ಪ್ರಯೋಗವನ್ನು ಪ್ರಕಟಿಸಿದರು. ಮಾರನೇ ವರ್ಷ, 1998ರಲ್ಲಿ, ಡಯಾನ್ ಗ್ರೀನ್ ಮುಂತಾದವರ ಜೊತೆ ಸೇರಿ ವಿಎಂವೇರ್ ಕಂಪನಿ ಹುಟ್ಟುಹಾಕಿದರು. 1999ರಲ್ಲಿ ಅವರ ವರ್ಕ್‌ಸ್ಟೇಷನ್ ಬಂತು. ಅದು ಲಿನಕ್ಸ್ ಮೇಲೂ ಓಡುತ್ತಿತ್ತು. ಲಿನಕ್ಸ್ ಪರದೆಯ ಒಂದು ಕಿಟಕಿಯೊಳಗೆ ವಿಂಡೋಸ್ ಏಳುವುದನ್ನು ಜನ ಮೊದಲ ಬಾರಿ ತಮ್ಮ ಮೇಜಿನ ಮೇಲೆ ನೋಡಿದ್ದು ಆಗಲೇ.

ಅವರ ಉಪಾಯ ಅನುವಾದ. ಒಳಗಿನ ವ್ಯವಸ್ಥೆ ಆದೇಶಗಳನ್ನು ಕೊಡುವ ಮೊದಲೇ ಕೆಳಗಿನ ಪದರ ಅವನ್ನು ಓದುತ್ತದೆ, ಆ ತಂಟೆಕೋರ ಆದೇಶಗಳು ಕಂಡರೆ ಸುರಕ್ಷಿತ ಆದೇಶಗಳಾಗಿ ಬದಲಿಸಿ ಮುಂದೆ ಕಳಿಸುತ್ತದೆ. ದುಭಾಷಿ ಜಗಳದ ಮಾತನ್ನು ಮೆತ್ತಗೆ ಮಾಡಿ ದಾಟಿಸಿದ ಹಾಗೆ. ಕೆಲಸ ಅದ್ಭುತ, ಆದರೆ ಸರಕು ದುಡ್ಡಿನದು, ಒಳಗಿನ ಸಂಕೇತ ಮುಚ್ಚಿಟ್ಟದ್ದು.

ಎರಡನೇ ದಾರಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಿಂದ. ಇಯಾನ್ ಪ್ರಾಟ್, ಕೀರ್ ಫ್ರೇಸರ್ ಮೊದಲಾದವರು 2003ರಲ್ಲಿ ಜ಼ೆನ್ ಎಂಬುದನ್ನು ಹೊರತಂದರು. ಅನುವಾದದ ತಲೆನೋವೇ ಬೇಡ, ಒಳಗೆ ಓಡುವ ವ್ಯವಸ್ಥೆಯನ್ನೇ ತಿದ್ದಿ, "ನೀನು ಇರುವುದು ಸುಳ್ಳು ಯಂತ್ರದಲ್ಲಿ, ಕಣಜದ ಕಾಳು ಬೇಕಾದರೆ ಯಜಮಾನನನ್ನು ಕೇಳು" ಎಂದು ಮೊದಲೇ ಹೇಳಿಬಿಡೋಣ ಎಂಬುದು ಅವರ ಲೆಕ್ಕ. ಲಿನಕ್ಸ್‌ನ ಸಂಕೇತ ಬಯಲಿನಲ್ಲಿರುವುದರಿಂದ ತಿದ್ದುವುದು ಸಾಧ್ಯವಾಯಿತು. ವೇಗವೂ ಚೆನ್ನಾಗಿತ್ತು. ಅಮೆಜಾನ್ 2006ರಲ್ಲಿ ಕಂಪ್ಯೂಟರ್‌ಗಳನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡಲು ಶುರುಮಾಡಿದ್ದು ಜ಼ೆನ್ ಮೇಲೆಯೇ. ಆದರೆ ವಿಂಡೋಸ್‌ನ ಸಂಕೇತ ಮೈಕ್ರೋಸಾಫ್ಟ್‌ನ ಪೆಟ್ಟಿಗೆಯಲ್ಲಿ. ಅದನ್ನು ಹೊರಗಿನವರು ತಿದ್ದಿ ಹಂಚುವಂತಿರಲಿಲ್ಲ. ಮುದ್ರಣಾಲಯದ ಹಳೇ ಎಕ್ಸ್‌ಪಿಗೆ ಈ ದಾರಿ ಒದಗುತ್ತಿರಲಿಲ್ಲ.

ಮೂರನೇ ದಾರಿ ಒಬ್ಬನೇ ಮನುಷ್ಯನದು. ಫ್ರಾನ್ಸಿನ ಫ್ಯಾಬ್ರಿಸ್ ಬೆಲಾರ್. ಎಷ್ಟೋ ಆ್ಯಪ್‌ಗಳ ಹಿಂದೆ ವಿಡಿಯೊ ತಿರುಗಿಸುವ ಎಫ್‌ಎಫ್‌ಎಂಪೆಗ್ ಶುರು ಮಾಡಿದವರೂ ಇವರೇ. 2003ರಲ್ಲಿ ಇವರು ಕ್ಯೂಎಮು ಎಂಬ ಪ್ರೋಗ್ರಾಂ ಬಿಡುಗಡೆ ಮಾಡಿದರು. ಇದು ಒಂದು ಇಡೀ ಕಂಪ್ಯೂಟರನ್ನು, ಚಿಪ್, ಡಿಸ್ಕ್, ಸಿಡಿ ಡ್ರೈವ್, ನೆಟ್‌ವರ್ಕ್ ಕಾರ್ಡ್ ಸಮೇತ, ಸಾಫ್ಟ್‌ವೇರ್‌ನಲ್ಲೇ ನಟಿಸಿ ತೋರಿಸುತ್ತದೆ. ಉಚಿತ, ಸಂಕೇತವೂ ಬಯಲು. ಒಂದು ಜಾತಿಯ ಚಿಪ್ ಮೇಲೆ ಇನ್ನೊಂದು ಜಾತಿಯ ಚಿಪ್‌ನ ಪ್ರೋಗ್ರಾಂ ಓಡಿಸುವ ಶಕ್ತಿಯೂ ಇತ್ತು. ಆದರೆ ಪ್ರತಿ ಆದೇಶವನ್ನೂ ಅನುವಾದಿಸಿಯೇ ಓಡಿಸಬೇಕಾದ್ದರಿಂದ ಎತ್ತಿನ ಗಾಡಿಯ ವೇಗ.

ಚಿಪ್ ಮಾಡಿದವರೇ ಗಂಟೆ ಕಟ್ಟಿದರು

ಇಷ್ಟು ಜನ ಹಿಂಬಾಗಿಲಿನಿಂದ ಬಂದಮೇಲೆ ಚಿಪ್ ಕಂಪನಿಗಳು ಮುಂಬಾಗಿಲು ಇಟ್ಟವು. 2005ರ ನವೆಂಬರ್‌ನಲ್ಲಿ ಇಂಟೆಲ್ ತನ್ನ ಎರಡು ಪೆಂಟಿಯಂ 4 ಮಾದರಿಗಳಲ್ಲಿ ವಿಟಿ-ಎಕ್ಸ್ ಎಂಬ ಸೌಕರ್ಯ ಕೊಟ್ಟಿತು. 2006ರಲ್ಲಿ ಎಎಂಡಿ ತನ್ನ ಎಎಂಡಿ-ವಿ ತಂದಿತು. ಒಳಗಿನ ವ್ಯವಸ್ಥೆ ಓಡಲು ಚಿಪ್‌ನಲ್ಲೇ ಒಂದು ಬೇರೆ ಅಂಕಣ. ತಂಟೆಯ ಆದೇಶ ಬಂದರೆ ಚಿಪ್ ತಾನೇ ನಿಂತು ಯಜಮಾನನಿಗೆ ತಿಳಿಸುತ್ತದೆ. 1974ರ ಪ್ರಬಂಧದಲ್ಲಿದ್ದ ಗಂಟೆ ಮೂವತ್ತು ವರ್ಷದ ನಂತರ ಎಕ್ಸ್86 ಬಾಗಿಲಿಗೆ ಬಂತು.

ಬಾಗಿಲು ತೆರೆದ ಕೂಡಲೇ ಒಳಗೆ ಬಂದವರು ಇಸ್ರೇಲಿನ ಕ್ಯುಮ್ರಾನೆಟ್ ಎಂಬ ಸಣ್ಣ ಕಂಪನಿಯವರು. ಅಲ್ಲಿನ ಎಂಜಿನಿಯರ್ ಅವಿ ಕಿವಿಟಿ 2006ರ ಅಕ್ಟೋಬರ್‌ನಲ್ಲಿ ಲಿನಕ್ಸ್ ಕಟ್ಟುವವರ ಮುಂದೆ ಕೆವಿಎಂ ಎಂಬ ಪುಟ್ಟ ಸಂಕೇತವನ್ನು ಇಟ್ಟರು. 2007ರ ಫೆಬ್ರವರಿ 5ರಂದು ಬಂದ ಲಿನಕ್ಸ್ 2.6.20ರಲ್ಲಿ ಅದು ಸೇರಿಹೋಗಿತ್ತು. ನಾಲ್ಕು ತಿಂಗಳೂ ಆಗಿರಲಿಲ್ಲ. ಇದಕ್ಕಿಂತ ಮುಂಚೆ ಬಂದ ಜ಼ೆನ್ ಹೊರಗೆ ಕಾಯುತ್ತಲೇ ಇತ್ತು.

ಇಷ್ಟು ಬೇಗ ಯಾಕೆ ಒಪ್ಪಿದರು? ಕಾರಣ ಕೆವಿಎಂನ ಸಣ್ಣತನ. ಜ಼ೆನ್ ತಾನೇ ಯಜಮಾನನಾಗಿ ಕೆಳಗೆ ಕೂತು, ಲಿನಕ್ಸನ್ನು ಮೇಲೆ ಕೂರಿಸುತ್ತಿತ್ತು. ಹೊತ್ತು ಹಂಚುವುದು, ಮೆಮೊರಿ ಹಂಚುವುದು ಎಲ್ಲವನ್ನೂ ಹೊಸದಾಗಿ ಬರೆಯಬೇಕಿತ್ತು. ಕಿವಿಟಿ ಹೇಳಿದ್ದು ಬೇರೆ: ಹೊತ್ತು ಹಂಚಲು, ಮೆಮೊರಿ ಹಂಚಲು ಲಿನಕ್ಸ್‌ಗೆ ಮೊದಲೇ ಬರುತ್ತದಲ್ಲ, ಅದನ್ನೇ ಯಜಮಾನನನ್ನಾಗಿ ಮಾಡೋಣ. ಕೆವಿಎಂನಲ್ಲಿ ಒಂದು ಇಡೀ ವಿಂಡೋಸ್ ಯಂತ್ರ ಲಿನಕ್ಸ್ ಪಾಲಿಗೆ ಬ್ರೌಸರ್‌ನಂತೆ, ಹಾಡು ನುಡಿಸುವ ಪ್ರೋಗ್ರಾಂನಂತೆ ಇನ್ನೊಂದು ಪ್ರೋಗ್ರಾಂ ಅಷ್ಟೇ. ಬೇಡವೆನಿಸಿದರೆ ಮುಚ್ಚಬಹುದು. ಡಿಸ್ಕ್, ಸಿಡಿ, ಪರದೆ ನಟಿಸಲು ಬೆಲಾರ್ ಅವರ ಕ್ಯೂಎಮು ಸಿದ್ಧವಾಗಿಯೇ ಇತ್ತು. ಎರಡನ್ನೂ ಜೋಡಿಸಿದರು. ಚಿಪ್‌ನ ಗಂಟೆ, ಕೆವಿಎಂನ ಕಿವಿ, ಕ್ಯೂಎಮುವಿನ ವೇಷ. ಎತ್ತಿನ ಗಾಡಿಗೆ ಎಂಜಿನ್ ಸಿಕ್ಕಿತು.

2008ರ ಸೆಪ್ಟೆಂಬರ್‌ನಲ್ಲಿ ರೆಡ್ ಹ್ಯಾಟ್ ಕಂಪನಿ ಕ್ಯುಮ್ರಾನೆಟ್ಟನ್ನು 10.7 ಕೋಟಿ ಡಾಲರ್‌ಗೆ ಕೊಂಡಿತು. ಅಮೆಜಾನ್ ಕೂಡ 2017ರಿಂದ ತನ್ನ ಹೊಸ ಯಂತ್ರಗಳನ್ನು ಜ಼ೆನ್ ಬಿಟ್ಟು ಕೆವಿಎಂ ಆಧಾರದ ಮೇಲೆ ಕಟ್ಟತೊಡಗಿತು.

ಗುಂಡಿ ಬರಲು ಯಾಕೆ ತಡವಾಯಿತು

ಇಲ್ಲಿಗೆ ಎಂಜಿನಿಯರ್‌ಗಳ ಕಥೆ ಮುಗಿದಂತೆ. ಡಿಟಿಪಿ ಮಾಡುವವರ, ಶಾಲಾ ಮೇಷ್ಟ್ರ, ನನ್ನಂಥ ಬಿಡಿ ವರದಿಗಾರರ ಕಥೆ ಇಲ್ಲಿಂದ ಶುರು. ಯಾಕೆಂದರೆ 2007ರಲ್ಲಿ ಕೆವಿಎಂ ಎಲ್ಲ ಲಿನಕ್ಸ್‌ನಲ್ಲೂ ಬಂತು ಸರಿ, ಅದನ್ನು ಓಡಿಸುವುದು ಹೇಗೆ?

ಕ್ಯೂಎಮು ಓಡುವುದು ಕಪ್ಪು ಪರದೆಯ ಮೇಲೆ ಬರೆಯುವ ಆದೇಶದಿಂದ. ಮೆಮೊರಿ ಎಷ್ಟು, ಡಿಸ್ಕ್ ಕಡತ ಯಾವುದು, ಅದರ ಮಾದರಿ ಏನು, ಸಿಡಿ ಎಲ್ಲಿ, ಪರದೆಯ ಕಾರ್ಡ್ ಯಾವುದು, ಧ್ವನಿ ಯಾವುದು, ನೆಟ್‌ವರ್ಕ್ ಹೇಗೆ ಎಂದು ಒಂದೊಂದಾಗಿ ಹೇಳಬೇಕು. ಮೂರು ನಾಲ್ಕು ಸಾಲಿನ ಆದೇಶ. ಒಂದು ಅಡ್ಡಗೆರೆ ತಪ್ಪಿದರೆ ಏಳುವುದಿಲ್ಲ. ಗೊತ್ತಿದ್ದವರಿಗೆ ಅದರಲ್ಲಿ ಎಲ್ಲ ಶಕ್ತಿಯೂ ಇತ್ತು, ಗೊತ್ತಿಲ್ಲದವರಿಗೆ ಏನೂ ಇರಲಿಲ್ಲ. ರಂಧ್ರದ ಕಾರ್ಡಿನ ಕಾಲದ ಹಾಗೆಯೇ, ತಪ್ಪಿದರೆ ಮತ್ತೆ ಮೊದಲಿನಿಂದ.

ಈ ಕಂದಕಕ್ಕೆ ಮೊದಲು ಸೇತುವೆ ಕಟ್ಟಿ ಜನಪ್ರಿಯವಾದದ್ದು ವರ್ಚುವಲ್‌ಬಾಕ್ಸ್. ಜರ್ಮನಿಯ ಇನ್ನೋಟೆಕ್ ಕಂಪನಿಯದು. 2007ರ ಜನವರಿಯಲ್ಲಿ ಅದರ ಮುಕ್ತ ಆವೃತ್ತಿ ಬಂತು. 2008ರಲ್ಲಿ ಇನ್ನೋಟೆಕ್ಕನ್ನು ಸನ್ ಕಂಪನಿ ಕೊಂಡಿತು, 2010ರಲ್ಲಿ ಸನ್ನನ್ನು ಒರಾಕಲ್ ಕೊಂಡಿತು. ಎಡಗಡೆ ಯಂತ್ರಗಳ ಪಟ್ಟಿ, ಮೇಲೆ ಒಂದು ಹಸಿರು ಬಾಣ. ಒತ್ತಿದರೆ ಯಂತ್ರ ಏಳುತ್ತದೆ. ಎಷ್ಟೋ ಕಾಲೇಜು ಹುಡುಗರು ವಿಎಂ ಅಂದರೆ ಏನೆಂದು ಕಲಿತದ್ದು ಆ ಬಾಣದಿಂದ. ಆದರೆ ಅದಕ್ಕೆ ಲಿನಕ್ಸ್ ಕರ್ನೆಲ್‌ಗೆ ಹೊರಗಿನಿಂದ ಒಂದು ತುಣುಕು ಸೇರಿಸಬೇಕು. ಕರ್ನೆಲ್ ಹೊಸದಾದಾಗ ಆ ತುಣುಕು ಕೈಕೊಡುವುದೂ ಉಂಟು.

ಕೆವಿಎಂ ಕಡೆ ರೆಡ್ ಹ್ಯಾಟ್‌ನ ಎಂಜಿನಿಯರ್‌ಗಳು 2005ರಲ್ಲಿ ಶುರುವಾದ ಲಿಬ್‌ವರ್ಟ್ ಎಂಬ ನಡುವಿನ ಪದರವನ್ನೂ, ಅದರ ಮೇಲೆ ವರ್ಟ್-ಮ್ಯಾನೇಜರ್ ಎಂಬ ಕಿಟಕಿಯನ್ನೂ ಮಾಡಿದರು. ಕೆಲಸ ಗಟ್ಟಿ. ಆದರೆ ಸರ್ವರ್ ನೋಡಿಕೊಳ್ಳುವವರಿಗೆ ಮಾಡಿದ್ದು. ಅದರ ತುಂಬ ಆಯ್ಕೆಗಳು. ಟ್ರ್ಯಾಕ್ಟರ್ ಕಲಿಯಲು ಬಂದವನ ಮುಂದೆ ವಿಮಾನದ ಡ್ಯಾಷ್‌ಬೋರ್ಡ್ ಇಟ್ಟ ಹಾಗೆ.

2012ರಲ್ಲಿ ಗ್ನೋಮ್ ಬಾಕ್ಸಸ್ ಬಂತು. ಗ್ನೋಮ್ ಎಂಬುದು ಲಿನಕ್ಸ್‌ನ ಹೆಸರಾಂತ ಡೆಸ್ಕ್‌ಟಾಪ್‌ಗಳಲ್ಲಿ ಒಂದು. ಅದರ 3.4 ಆವೃತ್ತಿಯ ಜೊತೆ ಬಾಕ್ಸಸ್‌ನ ಮೊದಲ ನೋಟ ಸಿಕ್ಕಿತು. ಒಳಗೆ ಅದೇ ಲಿಬ್‌ವರ್ಟ್, ಅದೇ ಕ್ಯೂಎಮು, ಅದೇ ಕೆವಿಎಂ. ಹೊರಗೆ ಮಾತ್ರ ಒಂದು ಕೂಡಿಸುವ ಗುರುತು. ಅದನ್ನು ಒತ್ತಿ, ನಿಮ್ಮ ಐಎಸ್‌ಒ ಕಡತ, ಅಂದರೆ ಸಿಡಿಯ ನಕಲು, ಎಲ್ಲಿದೆಯೆಂದು ತೋರಿಸಿ. ಅದು ಯಾವ ವ್ಯವಸ್ಥೆಯೆಂದು ಬಾಕ್ಸಸ್ ಸಾಧ್ಯವಾದಷ್ಟು ತಾನೇ ಗುರುತಿಸಿ ಮೆಮೊರಿ, ಡಿಸ್ಕ್ ಎಷ್ಟು ಬೇಕೆಂದು ಸೂಚಿಸುತ್ತದೆ. ಬೇಕಿದ್ದರೆ ಬದಲಿಸಿ, ಇಲ್ಲವಾದರೆ ಮುಂದೆ ಹೋಗಿ.

ಆಮೇಲೆ ಇನ್ನೂ ಸರಳವಾದವು ಬಂದವು. ಉಬುಂಟು ಮಾಟೆಯನ್ನು ಮುನ್ನಡೆಸಿದ ಮಾರ್ಟಿನ್ ವಿಂಪ್ರೆಸ್ ಕ್ವಿಕ್‌ಎಮು ಬರೆದರು. ಕ್ಯೂಎಮುವಿನ ಆ ಉದ್ದದ ಆದೇಶವನ್ನು ಇದು ತಾನೇ ಬರೆದುಕೊಳ್ಳುತ್ತದೆ, ಬೇಕಾದ ವ್ಯವಸ್ಥೆಯ ಐಎಸ್‌ಒ ಕಡತವನ್ನೂ ಇಳಿಸಿಕೊಡುತ್ತದೆ. ಅದಕ್ಕೆ ಕ್ವಿಕ್‌ಗುಯಿ ಎಂಬ ಮುಖ ತೊಡಿಸಿದ್ದಾರೆ. ಅದರಲ್ಲಿ ಆಗಬೇಕಾದ್ದು ಎರಡೇ: ಇಳಿಸು, ಓಡಿಸು.

ಈ ಕಿಟಕಿಗಳು ಯಾವುದೂ ಹೊಸ ಶಕ್ತಿ ಕೊಡಲಿಲ್ಲ ಎಂಬುದನ್ನು ಗಮನಿಸಿ. 2007ರಲ್ಲಿ ಇದ್ದದ್ದನ್ನೇ ಇವು ನಡೆಸುತ್ತವೆ. ಆದರೂ ಡಿಟಿಪಿ ಅಂಗಡಿಯವನ ಲೆಕ್ಕದಲ್ಲಿ ವಿಎಂ ಹುಟ್ಟಿದ್ದು 1967ರಲ್ಲಲ್ಲ, ಗುಂಡಿ ಬಂದ ದಿನ. ಬ್ಯಾಂಕಿನ ಸಾಲದ ಯೋಜನೆ ಹಳೆಯದಿರಬಹುದು, ಅರ್ಜಿ ನಮ್ಮ ಭಾಷೆಯಲ್ಲಿ, ಒಂದೇ ಹಾಳೆಯಲ್ಲಿ ಸಿಕ್ಕ ದಿನವೇ ಅದು ಊರಿಗೆ ಬಂದಂತೆ.

ನಮಗೆ ಇದರಿಂದ ಏನು

ಮತ್ತೆ ಮುದ್ರಣಾಲಯಕ್ಕೆ ಬರೋಣ. ಮೈಕ್ರೋಸಾಫ್ಟ್ ವಿಂಡೋಸ್ ಎಕ್ಸ್‌ಪಿಗೆ ಬೆಂಬಲವನ್ನು 2014ರ ಏಪ್ರಿಲ್ 8ಕ್ಕೆ ನಿಲ್ಲಿಸಿತು. ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ. ವಿಂಡೋಸ್ 11 ಎಲ್ಲ ಹಳೇ ಯಂತ್ರಗಳನ್ನೂ ಒಪ್ಪುವುದಿಲ್ಲ, ಟಿಪಿಎಂ 2.0 ಎಂಬ ಭದ್ರತಾ ಸೌಕರ್ಯ ಬೇಕೆನ್ನುತ್ತದೆ. ಹಾಗಾಗಿ ಇನ್ನೂ ಗಟ್ಟಿಮುಟ್ಟಾದ ಎಷ್ಟೋ ಕಂಪ್ಯೂಟರ್‌ಗಳಿಗೆ ಲಿನಕ್ಸ್ ಹಾಕುವುದೇ ಉಳಿದ ದಾರಿ.

ಲಿನಕ್ಸ್ ಹಾಕಿದ ಮೇಲೆ ಪೇಜ್‌ಮೇಕರ್ ಎಲ್ಲಿ? ಅದರ ಕೊನೆಯ ದೊಡ್ಡ ಆವೃತ್ತಿ 7.0 ಬಂದದ್ದು 2001ರಲ್ಲಿ. ಲಿನಕ್ಸ್‌ಗೆ ಅದು ಬರಲೇ ಇಲ್ಲ. ಕನ್ನಡದ ಕಷ್ಟ ಇನ್ನೊಂದು. ಯೂನಿಕೋಡ್ ಬಳಕೆಗೆ ಬರುವ ಮುಂಚೆ ನಮ್ಮ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಒಂದೊಂದು ಕಂಪನಿ ಒಂದೊಂದು ರೀತಿ ಕೂರಿಸಿತ್ತು. ಕಡತದಲ್ಲಿರುವುದು ಇಂಗ್ಲಿಷ್ ಗುರುತು, ಕನ್ನಡ ಕಾಣುವುದು ಆ ಫಾಂಟ್ ಇದ್ದರೆ ಮಾತ್ರ. ಫಾಂಟ್ ಹೋಯಿತೋ, ಕನ್ನಡ ಹೋಯಿತು. ಆ ಕಡತಗಳನ್ನು ಯೂನಿಕೋಡ್‌ಗೆ ಬದಲಿಸುವ ಉಪಕರಣಗಳಿವೆ. ಆದರೆ ಒತ್ತಕ್ಷರದಲ್ಲಿ, ಅರ್ಕಾವತ್ತಿನಲ್ಲಿ ಎಡವುತ್ತವೆ. ಬದಲಿಸಿದ್ದು ಸರಿಯೋ ತಪ್ಪೋ ಎಂದು ತಾಳೆ ನೋಡಲು ಮೂಲ ಪುಟ ಹೇಗಿತ್ತೆಂದು ಕಾಣಬೇಕು. ಅದಕ್ಕೆ ಹಳೇ ಯಂತ್ರ ಓಡಬೇಕು.

ವಿಎಂ ಬೇಕಾಗುವುದು ಇಲ್ಲಿ. ಮಾಡಲು ಇಷ್ಟು ಸಾಕು.

ಕಂಪ್ಯೂಟರ್‌ನಲ್ಲಿ 8 ಜಿಬಿ ಮೆಮೊರಿ ಇದ್ದರೆ ಆರಾಮ. ಎಕ್ಸ್‌ಪಿಯಂಥ ಹಳೆಯದಕ್ಕೆ 1 ಜಿಬಿ ಕೊಟ್ಟರೂ ಓಡುತ್ತದೆ. ಯಂತ್ರ ಹಚ್ಚಿದ ಕೂಡಲೇ ಬಯೋಸ್‌ಗೆ ಹೋಗಿ ವರ್ಚುವಲೈಸೇಷನ್ ಟೆಕ್ನಾಲಜಿ ಅಥವಾ ಎಸ್‌ವಿಎಂ ಎಂಬ ಆಯ್ಕೆ ಆನ್ ಆಗಿದೆಯೇ ನೋಡಿ. ಎಷ್ಟೋ ಯಂತ್ರಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ. ಆಫ್ ಇದ್ದರೆ ಚಿಪ್‌ನ ಗಂಟೆ ಕೆಲಸ ಮಾಡದು, ವಿಎಂ ಮತ್ತೆ ಎತ್ತಿನ ಗಾಡಿಯಾಗುತ್ತದೆ. ಆಮೇಲೆ ಲಿನಕ್ಸ್‌ನ ಸಾಫ್ಟ್‌ವೇರ್ ಅಂಗಡಿಯಲ್ಲಿ ಬಾಕ್ಸಸ್ ಹುಡುಕಿ ಹಾಕಿಕೊಳ್ಳಿ.

ಒಳಗೆ ಹಾಕುವ ವಿಂಡೋಸ್‌ಗೆ ನಿಮ್ಮದೇ ಪರವಾನಗಿ ಇರಬೇಕು. ಬಾಕ್ಸಸ್ ಉಚಿತ ಎಂದ ಮಾತ್ರಕ್ಕೆ ವಿಂಡೋಸ್ ಉಚಿತವಾಗುವುದಿಲ್ಲ. ಹಳೇ ವಿಂಡೋಸ್‌ಗೆ ಇಂಟರ್‌ನೆಟ್ ಸಂಪರ್ಕ ಕೊಡಬೇಡಿ, ಅದಕ್ಕೆ ವೈರಸ್ ತಡೆಯುವ ಶಕ್ತಿ ಈಗಿಲ್ಲ. ಎಲ್ಲ ಸರಿಯಾಗಿ ಓಡಿದ ದಿನ ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ. ಅದು ಆ ಕ್ಷಣದ ಇಡೀ ಯಂತ್ರದ ನಕಲು. ನಾಳೆ ಏನಾದರೂ ಕೆಟ್ಟರೆ ಅದೇ ಕ್ಷಣಕ್ಕೆ ಹಿಂತಿರುಗಬಹುದು. ಇಡೀ ವಿಎಂ ಡಿಸ್ಕ್ ಒಂದು ಕಡತ ಮಾತ್ರ. ಯಂತ್ರ ಮುಚ್ಚಿದ ಮೇಲೆ ಆ ಕಡತವನ್ನು ಇನ್ನೊಂದು ಹಾರ್ಡ್ ಡಿಸ್ಕ್‌ಗೆ ನಕಲು ಮಾಡಿದರೆ ಹಳೇ ಕಂಪ್ಯೂಟರ್ ಇಡಿಯಾಗಿ ಅಲ್ಲೂ ಉಳಿಯಿತು.

ಇದಕ್ಕೆ ಮಿತಿಯೂ ಇದೆ. ಸಮಾನಾಂತರ ಪೋರ್ಟಿಗೆ ಚುಚ್ಚುವ ಹಳೇ ಡಾಂಗಲ್ ಕೇಳುವ ಸಾಫ್ಟ್‌ವೇರ್‌ಗಳು ವಿಎಂ ಒಳಗೆ ಓಡದೇ ಇರಬಹುದು. ವಿಡಿಯೊ ಎಡಿಟಿಂಗ್‌ನಂಥ ಭಾರದ ಕೆಲಸಕ್ಕೆ ಸರಳ ಕಿಟಕಿಗಳ ವಿಎಂ ಸಾಲದು. ಎಲ್ಲಕ್ಕಿಂತ ಮುಖ್ಯವಾಗಿ, ವಿಎಂ ಕಾಲವನ್ನು ಮುಂದೂಡುತ್ತದೆ, ನಿಲ್ಲಿಸುವುದಿಲ್ಲ. ಹಳೇ ಕಡತವನ್ನು ತೆರೆದು, ಪಿಡಿಎಫ್ ಮಾಡಿ, ಅಕ್ಷರಗಳನ್ನು ಯೂನಿಕೋಡ್‌ಗೆ ತಿರುಗಿಸಿ, ತಾಳೆ ನೋಡಿ ಹೊರಗೆ ತಂದಾಗಲೇ ಅದು ನಿಜವಾಗಿ ಉಳಿದಂತೆ. ವಿಎಂ ಆ ಕೆಲಸಕ್ಕೆ ಸಮಯ ಕೊಡುತ್ತದೆ.

ಕೈಯಲ್ಲಿರುವ ಫೋನ್ ಒಳಗೂ

ಕಂಪ್ಯೂಟರ್ ಇಲ್ಲದವರಿಗೂ ಈ ಕಥೆ ಹೊರಗಿನದಲ್ಲ. ಆಂಡ್ರಾಯ್ಡ್ ಫೋನ್‌ನ ತಳದಲ್ಲಿರುವುದು ಲಿನಕ್ಸ್ ಕರ್ನೆಲ್. ಗೂಗಲ್ 2022ರಲ್ಲಿ ಆಂಡ್ರಾಯ್ಡ್ 13ರ ಜೊತೆ ಫೋನ್‌ನೊಳಗೆ ವಿಎಂ ಓಡಿಸುವ ಚೌಕಟ್ಟು ತಂದಿತು. ಅದರ ಕೆಳಗಿರುವುದು ಫೋನಿಗಾಗಿ ಬಿಗಿಮಾಡಿದ ಕೆವಿಎಂ. 2025ರ ಮಾರ್ಚ್‌ನಲ್ಲಿ ಗೂಗಲ್‌ನ ಪಿಕ್ಸೆಲ್ ಫೋನ್‌ಗಳಿಗೆ ಟರ್ಮಿನಲ್ ಎಂಬ ಆ್ಯಪ್ ಬಂತು. ತೆರೆದರೆ ಫೋನ್‌ನೊಳಗೇ ಒಂದು ಡೆಬಿಯನ್ ಲಿನಕ್ಸ್ ವಿಎಂ ಆಗಿ ಏಳುತ್ತದೆ. ಕೋಣೆ ತುಂಬುವ ಯಂತ್ರದಲ್ಲಿ ಶುರುವಾದದ್ದು ಅಂಗಿ ಜೇಬಿಗೆ ಬಂದಿದೆ. ಸದ್ಯಕ್ಕೆ ಅಗ್ಗದ ಫೋನ್‌ಗಳಲ್ಲಿ ಇದನ್ನು ನಿರೀಕ್ಷಿಸಬೇಡಿ.

ಅಲ್ಲಿಯವರೆಗೆ ಒಂದು ಕೆಲಸ ಮಾಡಬಹುದು. ನಿಮ್ಮ ಊರಿನ, ಹೋಬಳಿಯ ಹಳೇ ಮುದ್ರಣಾಲಯ ಮುಚ್ಚುತ್ತಿದ್ದರೆ, ಡಿಟಿಪಿ ಅಂಗಡಿ ಹಳೇ ಪೆಟ್ಟಿಗೆಯನ್ನು ಗುಜರಿಗೆ ಹಾಕುತ್ತಿದ್ದರೆ, ಮಾಲೀಕರನ್ನು ಕೇಳಿ ಹಾರ್ಡ್ ಡಿಸ್ಕನ್ನು ಮಾತ್ರ ಬಿಚ್ಚಿ ಎತ್ತಿಡಿ. ಅದರ ಜೊತೆಗೆ ಅವರ ಬಳಿ ಇರುವ ನುಡಿ, ಶ್ರೀಲಿಪಿ, ಪೇಜ್‌ಮೇಕರ್‌ಗಳ ಸಿಡಿಯನ್ನೂ, ಪರವಾನಗಿ ಸಂಖ್ಯೆ ಬರೆದ ಚೀಟಿಯನ್ನೂ ಒಂದೇ ಚೀಲದಲ್ಲಿ ಇಡಿ. ಮೇಲೆ ಅಂಗಡಿಯ ಹೆಸರು, ವರ್ಷ ಬರೆಯಿರಿ. ತಾಲ್ಲೂಕಿನ ಕಾಲೇಜಿನಲ್ಲಿ ಲಿನಕ್ಸ್ ಬಲ್ಲ ಒಬ್ಬ ಹುಡುಗನೋ ಹುಡುಗಿಯೋ ಖಂಡಿತ ಸಿಗುತ್ತಾರೆ. ಚೀಲ ಅವರ ಕೈಗೆ ಕೊಡಿ.